ಹನ್ನೊಂದನೇ ನಂಬರ್ ಕೋಣೆಯ ಪರವಾಗಿ ಎರಡು ಮಾತು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಆಸ್ಪತ್ರೆಯ ಹಿರಿಯ ವೈದ್ಯರೇ, ಬಿಡುವಿಲ್ಲದ ಕೆಲಸದ ನಡುವೆಯೂ ಬಂದು ನಮಗೆಲ್ಲ ಬುದ್ಧಿಮಾತು ಹೇಳಿದ ಮುಖ್ಯ ಅತಿಥಿಗಳಾದ ಆರೋಗ್ಯ ಇಲಾಖೆಯ ಅಧಿಕಾರಿಗಳೇ, ಇಂದು ಸೇವೆಯಿಂದ ನಿವೃತ್ತರಾಗುತ್ತಿರುವ ಮತ್ತು ಈ ಕ್ಷಣದಲ್ಲೂ 'ಬೇಗ ಮುಗಿಸಿ' ಎಂದು ನನಗೆ ಕಣ್ಸನ್ನೆ ಮಾಡುತ್ತಿರುವ ನಮ್ಮ ಸಿಸ್ಟರ್ ಅವರೇ, ಮೂರನೇ ಸಾಲಿನಲ್ಲಿ ಕೈಕಟ್ಟಿ ಕುಳಿತಿರುವ ನಮ್ಮ ಬಸ್ ಡಿಪೋದ ಮ್ಯಾನೇಜರ್ ಸಾಹೇಬರೇ, ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಓಡಿಬಂದಿರುವ ನನ್ನ ಡ್ರೈವರ್, ಕಂಡಕ್ಟರ್ ಬಾಂಧವರೇ, ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತವರೂ ಸೇರಿದಂತೆ ಎಲ್ಲ ಸಭಿಕರೇ,

ಆಮಂತ್ರಣ ಪತ್ರಿಕೆಯಲ್ಲಿ ನನ್ನನ್ನು 'ಫಲಾನುಭವಿ' ಎಂದು ಅಚ್ಚು ಹಾಕಿಸಿದ್ದಾರೆ. ಮೂವತ್ತೈದು ವರ್ಷ ಸ್ಟೀರಿಂಗ್ ಹಿಡಿದ ಮನುಷ್ಯ ನಾನು, ನನಗೆ ಇಷ್ಟು ದೊಡ್ಡ ಬಿರುದು ಈವರೆಗೆ ಯಾರೂ ಕೊಟ್ಟಿರಲಿಲ್ಲ. ಫಲವನ್ನು ಅನುಭವಿಸಿದವನು ಎಂಬ ಅರ್ಥದಲ್ಲಿ ಹಾಕಿಸಿದ್ದರೆ ಒಪ್ಪುತ್ತೇನೆ. ಆದರೆ ಆ ಫಲ ಸಿಹಿಯಾಗಿತ್ತು ಎಂದು ಯಾರೂ ತಿಳಿಯಬೇಡಿ. ಹಾಗಲಕಾಯಿಯಷ್ಟು ಕಹಿ. ನುಂಗಿದ್ದೇನೆ, ಅದಕ್ಕೇ ಇಲ್ಲಿ ನಿಂತಿದ್ದೇನೆ.

ನನಗೆ ಕೊಟ್ಟಿರುವುದು ಐದು ನಿಮಿಷ. ಸಿಸ್ಟರ್ ಅವರ ಸೇವೆಯನ್ನು ಸ್ಮರಿಸಿ ಇಳಿಯಬೇಕು ಎಂದು ಹೇಳಿದ್ದರು. ಹಾಗೇ ಇಳಿಯುವವನಿದ್ದೆ. ಆದರೆ ಈಗ ತಾನೇ ಮಾತನಾಡಿದ ಮುಖ್ಯ ಅತಿಥಿಗಳು ಒಂದು ಮಾತು ಹೇಳಿದರು. "ಖಿನ್ನತೆ ಇರುವವರನ್ನು ಕೂರಿಸಿಕೊಂಡು ಬದುಕನ್ನು ನಿಭಾಯಿಸುವ ಪಾಠ ಹೇಳುವುದು ಶ್ಲಾಘನೀಯ ಚಟುವಟಿಕೆ. ಆದರೆ ಚಟುವಟಿಕೆ ಬೇರೆ, ಚಿಕಿತ್ಸೆ ಬೇರೆ" ಎಂದರು. ಸಿಸ್ಟರ್ ನಿವೃತ್ತರಾದ ಮೇಲೆ, ಅವರು ಆ ಪಾಠ ನಡೆಸುವ ಹನ್ನೊಂದನೇ ನಂಬರ್ ಕೋಣೆಯನ್ನು ಹಳೆಯ ಕಡತಗಳನ್ನಿಡಲು ಬಳಸಿಕೊಳ್ಳಲಾಗುವುದು ಎಂದೂ ಹೇಳಿದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಅಭ್ಯಾಸಬಲ, ತಟ್ಟಿದಿರಿ, ನಾನೂ ಎರಡು ಸಲ ತಟ್ಟಿದೆ. ಆಮೇಲೆ ನನ್ನ ಕೈ ನಿಂತಿತು.

ಸ್ವಾಮಿ, ನಾನು ದೊಡ್ಡವರಿಗೆ ಎದುರು ಮಾತನಾಡುವವನಲ್ಲ. ಇಲ್ಲ, ಈ ವೇದಿಕೆಯ ಮೇಲೆ ಸುಳ್ಳು ಬೇಡ. ಎದುರು ಮಾತನಾಡಲೆಂದೇ ಈಗ ಮೈಕು ಹಿಡಿದಿದ್ದೇನೆ.

ನಾನು ಯಾರು ಎಂದು ನಮ್ಮ ಡಿಪೋದವರಿಗೆ ಗೊತ್ತು. ಉಳಿದವರಿಗಾಗಿ ಹೇಳುತ್ತೇನೆ. ಡಿಪೋದಲ್ಲಿ ನನಗೆ 'ಗಡಿಯಾರ' ಎಂದು ಅಡ್ಡಹೆಸರು. ನನ್ನ ಬಸ್ಸು ಸ್ಟಾಪಿಗೆ ಬಂದರೆ ಜನ ತಮ್ಮ ವಾಚು ಸರಿಮಾಡಿಕೊಳ್ಳುತ್ತಿದ್ದರು. ಇದು ಜಂಬದ ಮಾತಲ್ಲ. ಜಂಬ ಎಂದುಕೊಂಡರೂ ನನಗೆ ಬೇಸರವಿಲ್ಲ. ಇಪ್ಪತ್ತಾರು ವರ್ಷ ಒಂದು ನಾಯಿಮರಿಗೂ ಗಾಯ ಮಾಡದೆ ಓಡಿಸಿದ್ದೆ.

ಒಂಬತ್ತು ವರ್ಷದ ಹಿಂದೆ, ಬೆಳಿಗ್ಗೆ ಆರು ಹತ್ತರ ಮೊದಲ ಟ್ರಿಪ್ಪು. ಸೀಟಿನಲ್ಲಿ ಕೂತೆ, ಎಂಜಿನ್ ಶುರು ಮಾಡಿದೆ, ಹ್ಯಾಂಡ್ ಬ್ರೇಕಿನ ಮೇಲೆ ಕೈ ಇಟ್ಟೆ. ಕೈ ಅಲ್ಲೇ ಉಳಿಯಿತು. ಭಯವಲ್ಲ, ನೋವಲ್ಲ, ತಲೆ ಸುತ್ತಿದ್ದೂ ಅಲ್ಲ. ಈ ಬ್ರೇಕನ್ನು ಯಾಕೆ ಇಳಿಸಬೇಕು ಎನ್ನುವುದು ನನಗೆ ಹೊಳೆಯಲಿಲ್ಲ. ಎಲ್ಲಿಗೆ ಹೋಗಬೇಕು, ಹೋಗಿ ಏನಾಗಬೇಕು? ಹಿಂದೆ ಜನ ಗೊಣಗುತ್ತಿದ್ದರು. ಹನ್ನೊಂದು ನಿಮಿಷ ಹಾಗೇ ಕೂತಿದ್ದೆನಂತೆ. ಕಂಡಕ್ಟರ್ ಬಂದು ಕಿಟಕಿ ತಟ್ಟಿದ.

"ಏನಣ್ಣ, ಬಸ್ಸು ಕೆಟ್ಟಿದೆಯಾ?"

"ಇಲ್ಲ, ಬಸ್ಸು ಚೆನ್ನಾಗಿದೆ" ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಮೆಕ್ಯಾನಿಕ್ಕುಗಳನ್ನು ಕರೆದ. ಇಬ್ಬರು ಬಂದು ಬಾನೆಟ್ಟು ಎತ್ತಿ ನೋಡಿದರು, ಬಸ್ಸಿನ ಕೆಳಗೆ ತೂರಿ ನೋಡಿದರು. ಸ್ಟೀರಿಂಗ್ ಹಿಂದೆ ಕೂತಿದ್ದವನನ್ನು ಮಾತ್ರ ಯಾರೂ ನೋಡಲಿಲ್ಲ.

ಅವತ್ತು ಮನೆಗೆ ಹೋದವನು ಮೂರು ವಾರ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಸ್ನಾನವಿಲ್ಲ, ಮಾತಿಲ್ಲ. ತಟ್ಟೆ ತಂದಿಟ್ಟರೆ ತಟ್ಟೆ ಇದೆ, ಎತ್ತಿಕೊಂಡು ಹೋದರೆ ಇಲ್ಲ, ಅಷ್ಟೇ. ನನ್ನ ಹೆಂಡತಿ ಹೊಲಿಗೆ ಅಂಗಡಿ ನಡೆಸುತ್ತಾಳೆ. ಇಲ್ಲೇ ಕೂತಿದ್ದಾಳೆ, ಈಗಾಗಲೇ ಮುಖ ಕೆಂಪಗಾಗಿದೆ, ಮನೆಗೆ ಹೋದ ಮೇಲೆ ಇದೆ ನನಗೆ. ಅಂಗಡಿಗೆ ಬಂದವರು ಕೇಳಿದರೆ ಅವಳು "ಅವರಿಗೆ ಬೆನ್ನುನೋವು" ಎನ್ನುತ್ತಿದ್ದಳು. ಜನ ಒಳ್ಳೆಯವರು. ಒಬ್ಬೊಬ್ಬರೂ ಒಂದೊಂದು ಮುಲಾಮು ಕಳಿಸಿದರು. ಕಿಟಕಿಯ ಮೇಲೆ ಏಳು ಡಬ್ಬಿ ಸೇರಿದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಹಾಗೆ ನಮ್ಮ ಮನೆಯಲ್ಲಿ ಮನಸ್ಸಿಗೆ ಜ್ವರ, ಬೆನ್ನಿಗೆ ಮುಲಾಮು.

ಇನ್ನು ಉಪದೇಶ! "ಧೈರ್ಯ ತಗೋ" ಎಂದರು. ಎಲ್ಲಿಂದ ತಗೊಳ್ಳಲಿ, ಯಾವ ಅಂಗಡಿಯಲ್ಲಿ ಸಿಗುತ್ತದೆ, ಯಾರೂ ಹೇಳಲಿಲ್ಲ. "ನಿನಗೇನು ಕಮ್ಮಿ?" ಎಂದರು. ಅದೇ ಪ್ರಶ್ನೆಯನ್ನು ನಾನೂ ಕೇಳಿಕೊಳ್ಳುತ್ತಿದ್ದೆ, ಉತ್ತರ ಸಿಗದಷ್ಟೂ ಇನ್ನಷ್ಟು ಕುಗ್ಗುತ್ತಿದ್ದೆ. ಡಿಪೋದಲ್ಲಿ "ಗಡಿಯಾರ ನಿಂತುಹೋಗಿದೆ, ಕೀಲಿ ಕೊಡ್ರೋ" ಎಂದು ನಗೆಯಾಡಿದವರು ಯಾರು ಎಂದು ನನಗೆ ಗೊತ್ತು. ಅವರು ಇಲ್ಲಿದ್ದಾರೆ. ಪರವಾಗಿಲ್ಲ ಕೂತುಕೊಳ್ಳಿ, ಎದ್ದು ಹೋಗಬೇಡಿ. ಅವತ್ತು ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಇನ್ನೂ ಗಟ್ಟಿಯಾಗಿ ನಗುತ್ತಿದ್ದೆ. ನಕ್ಕಿದ್ದೇನೆ ಕೂಡ. ನನ್ನ ಅಕ್ಕನಿಗೆ...

ಅದು ಬೇಡ. ಅದನ್ನು ಇವತ್ತು ಹೇಳಬೇಕೆಂದು ಬಂದವನಲ್ಲ.

ನನ್ನ ಹೆಂಡತಿ ನನ್ನನ್ನು ಇದೇ ಆಸ್ಪತ್ರೆಗೆ ಎಳೆದುಕೊಂಡು ಬಂದಳು. ಈಗ ಅಧ್ಯಕ್ಷರಾಗಿ ಕೂತಿರುವ ಡಾಕ್ಟರೇ ಮಾತ್ರೆ ಬರೆದುಕೊಟ್ಟರು. ಮಾತ್ರೆಯ ಬಗ್ಗೆ ನಾನು ಹಗುರವಾಗಿ ಮಾತನಾಡುವುದಿಲ್ಲ, ನೀವೂ ಆಡಬೇಡಿ. ನಾಲ್ಕೈದು ವಾರ ಕಳೆಯುವ ಹೊತ್ತಿಗೆ ನಿದ್ದೆ ಹತ್ತಿತು, ಎದೆಯ ಮೇಲಿನ ಕಲ್ಲು ಒಂದಿಷ್ಟು ಸರಿಯಿತು. ಆಗ ಅವರು ಹೇಳಿದರು, "ಮಾತ್ರೆ ನಿಮ್ಮನ್ನ ಎಬ್ಬಿಸಿ ಕೂರಿಸುತ್ತೆ ಕಣ್ರೀ. ಎದ್ದು ನಡೆಯೋದನ್ನ ಕಲೀಬೇಕು. ಹನ್ನೊಂದನೇ ನಂಬರ್ ರೂಮಿಗೆ ಹೋಗಿ, ಪ್ರತಿ ಬುಧವಾರ ಕ್ಲಾಸಿದೆ."

ಕ್ಲಾಸು! ನಲವತ್ತೊಂಬತ್ತನೇ ವಯಸ್ಸಿನಲ್ಲಿ!

ಮುಖ್ಯ ಅತಿಥಿಗಳೇ, ಆ ಕೋಣೆಯನ್ನು ನೀವು ನೋಡಿಲ್ಲ, ಅದಕ್ಕೆ ಹೇಳುತ್ತೇನೆ. ಎಕ್ಸ್‌ರೇ ವಿಭಾಗ ದಾಟಿ, ನೀರಿನ ಟ್ಯಾಂಕಿನ ಪಕ್ಕ. ಎಂಟು ಕುರ್ಚಿ, ಅದರಲ್ಲಿ ಒಂದಕ್ಕೆ ಕಾಲು ಗಿಡ್ಡ. ಒಂದು ಕಪ್ಪು ಹಲಗೆ. ಕಿಟಕಿಯಿಂದ ಸೈಕಲ್ ಸ್ಟ್ಯಾಂಡ್ ಕಾಣುತ್ತದೆ. ಗೋಡೆಯ ಮೇಲೆ 'ನಗುತ್ತಾ ಬಾಳಿ' ಎಂಬಂಥ ಒಂದು ಬೋರ್ಡೂ ಇಲ್ಲ. ಯಾರೋ ತಂದು ಹಾಕಿದ್ದರಂತೆ, ಸಿಸ್ಟರ್ ತೆಗೆಸಿದರಂತೆ. "ಇಲ್ಲಿಗೆ ಬರೋರಿಗೆ ನಗೋಕೆ ಆಗಲ್ಲ ಅನ್ನೋದೇ ಕಾಯಿಲೆ. ಅವರ ಮುಂದೆ ಅದನ್ನ ತೂಗುಹಾಕೋದು ಕುಂಟನ ಮುಂದೆ ಓಡಿ ಅಂತ ಬರೆದಂಗೆ" ಎಂದಿದ್ದರಂತೆ.

ಮೊದಲ ಬುಧವಾರ ನಾನು ಕಾಲು ಗಿಡ್ಡದ ಕುರ್ಚಿಯಲ್ಲಿ ಸಿಡುಕು ಮುಖ ಮಾಡಿಕೊಂಡು ಕೂತಿದ್ದೆ. ಪಕ್ಕದಲ್ಲಿ ಒಬ್ಬ ಕ್ಷೌರಿಕ, ಅವನ ಪಕ್ಕ ಒಬ್ಬ ಲೆಕ್ಕದ ಮೇಷ್ಟ್ರು. ಸಿಸ್ಟರ್ ಎಲ್ಲರಿಗೂ ಮನೆಗೆಲಸ ಕೊಟ್ಟರು. ನನಗೆ ಕೊಟ್ಟದ್ದು ಏನು ಗೊತ್ತೇ? ಬೆಳಿಗ್ಗೆ ಎಂಟರೊಳಗೆ ಹಲ್ಲುಜ್ಜಿ, ಹತ್ತು ನಿಮಿಷ ಹೊಸ್ತಿಲ ಮೇಲೆ ಕೂರಬೇಕು. ಅದಕ್ಕೆ ಮುಂಚೆ ಮನಸ್ಸು ಹೇಗಿತ್ತು, ಆಮೇಲೆ ಹೇಗಾಯಿತು, ಹತ್ತಕ್ಕೆ ಎಷ್ಟು ಅಂಕ ಎಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು.

ನನಗೆ ರೇಗಿಹೋಯಿತು. "ರೀ ಸಿಸ್ಟರ್, ನಾನು ಐವತ್ತು ಜನರನ್ನ ಕೂರಿಸ್ಕೊಂಡು ಬಸ್ ಓಡಿಸೋನು. ನನಗೆ ಹಲ್ಲುಜ್ಜೋದು ಕಲಿಸ್ತೀರಾ?"

ಅವರು ಸಿಟ್ಟಾಗಲಿಲ್ಲ. ದನಿ ಕೂಡ ಎತ್ತಲಿಲ್ಲ. "ಇವತ್ತು ಉಜ್ಜಿದ್ದೀರಾ?" ಎಂದು ಕೇಳಿದರು.

ಇಡೀ ಕೋಣೆ ನನ್ನ ಕಡೆ ನೋಡುತ್ತಿತ್ತು. ಉಜ್ಜಿರಲಿಲ್ಲ. ಆರು ದಿನದಿಂದ ಉಜ್ಜಿರಲಿಲ್ಲ.

ಕ್ಷೌರಿಕ ಮೆಲ್ಲಗೆ ಹೇಳಿದ, "ಬೇಜಾರ್ ಮಾಡ್ಕೋಬೇಡಿ ಅಣ್ಣ. ಊರಿನ ತಲೆ ಎಲ್ಲಾ ನಾನೇ ಕತ್ತರಿಸೋದು. ನನ್ನ ಗಡ್ಡ ನೋಡಿ."

ಮಾರನೇ ದಿನ ಹಲ್ಲುಜ್ಜಿದೆ. ಹೊಸ್ತಿಲ ಮೇಲೆ ಕೂತೆ. ಮುಂಚೆ ಎರಡು ಅಂಕ, ಆಮೇಲೆ ಎರಡೂವರೆ. ನೀವು ನಗುತ್ತಿದ್ದೀರಿ, ನಗಿ. ಆದರೆ ಎರಡು ತಿಂಗಳಿಂದ ಕೆಳಕ್ಕೇ ಇಳಿಯುತ್ತಿದ್ದವನಿಗೆ ಅರ್ಧ ಅಂಕ ಮೇಲೆ ಬರುವುದೆಂದರೆ ಏನು ಎಂದು ಇಳಿದವರಿಗಷ್ಟೇ ಗೊತ್ತು. ಮನಸ್ಸು ಬರಲಿ, ಆಮೇಲೆ ಕೆಲಸ ಮಾಡುತ್ತೇನೆ ಎಂದು ನಾನು ಕಾದು ಕೂತಿದ್ದೆ. ಸಿಸ್ಟರ್ ಕಲಿಸಿದ್ದು ತಿರುಗಾಮುರುಗ. ಮೊದಲು ಕೈ ಆಡಲಿ, ಮನಸ್ಸು ಹಿಂದಿನಿಂದ ಬರುತ್ತದೆ. ಬರದಿದ್ದರೂ ಹಲ್ಲಾದರೂ ಶುಚಿಯಾಗಿರುತ್ತದೆ!

ನಾನು ಎಲ್ಲವನ್ನೂ ಬಸ್ಸಿಗೆ ಹೋಲಿಸಿ ಮಾತನಾಡುತ್ತಿದ್ದೆ. ಮೊದಲ ಗೇರು, ಏರುದಾರಿ, ಬ್ರೇಕ್ ಡೌನ್. ಒಂದು ದಿನ ಸಿಸ್ಟರ್, "ಡ್ರೈವರ್ ಸಾಹೇಬ್ರೇ, ಬಸ್ಸನ್ನ ಹೊರಗೆ ನಿಲ್ಲಿಸಿ ಒಳಗೆ ಬನ್ನಿ. ಇಲ್ಲಿ ನಿಮ್ಮ ಮಾತಾಡಿ" ಎಂದರು. ಅಂದಿನಿಂದ ಹೋಲಿಕೆ ಬಿಟ್ಟೆ. ಹೋಲಿಕೆ ಬಿಟ್ಟ ಮೇಲೆ ಉಳಿದದ್ದು ಒಂದೇ ವಾಕ್ಯ. ನಾನು ಯಾರಿಗೂ ಬೇಡದ ಭಾರ, ನಾನಿಲ್ಲದಿದ್ದರೆ ಮನೆಯವರು ಹಗುರಾಗುತ್ತಾರೆ. ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು, ಜ್ವರ ಇದೆಯಾ ಎಂದು ಕೇಳುವ ದನಿಯಲ್ಲೇ ಕೇಳಿದರು, "ಸಾಯಬೇಕು ಅನ್ನಿಸುತ್ತಾ?"

"ಅನ್ನಿಸುತ್ತೆ" ಎಂದೆ. ಹಾಗೆ ನೇರವಾಗಿ ಕೇಳಿದವರು ಅವರೊಬ್ಬರೇ.

ಅವತ್ತೇ ಅವರು ನನ್ನನ್ನು ಡಾಕ್ಟರ ಮುಂದೆ ಕೂರಿಸಿದರು, ನನ್ನ ಹೆಂಡತಿಯನ್ನು ಕರೆಸಿದರು. ನಾಲ್ವರೂ ಸೇರಿ ಒಂದು ಹಾಳೆಯಲ್ಲಿ ಬರೆದೆವು. ಆ ಯೋಚನೆ ಬಂದಾಗ ಮೊದಲು ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು, ಅವರು ಎತ್ತದಿದ್ದರೆ ಇನ್ನಾರಿಗೆ, ಯಾವಾಗ ನೇರ ಆಸ್ಪತ್ರೆಗೆ ಬರಬೇಕು. ಆ ಹಾಳೆ ಅಡುಗೆಮನೆ ಬಾಗಿಲ ಹಿಂದೆ ಇವತ್ತಿಗೂ ಅಂಟಿದೆ. ಎರಡು ಸಲ ಬಳಸಿದ್ದೇನೆ. ಇದನ್ನೂ ಹೇಳಬೇಕೆಂದು ಬಂದಿರಲಿಲ್ಲ. ಹೇಳಿಯಾಯಿತು. ನಾಲ್ಕು ನೂರು ಜನರ ಮುಂದೆ ಒಬ್ಬ ಡ್ರೈವರ್ ಹೇಳಿದ್ದಾನೆ, ಛಾವಣಿ ಏನೂ ಬೀಳಲಿಲ್ಲ.

ಐದನೇ ವಾರದ ಪಾಠಕ್ಕೆ ಬರುತ್ತೇನೆ. ಮನಸ್ಸು ಹೇಳಿದ್ದನ್ನೆಲ್ಲ ನಂಬಬಾರದು, ಅದನ್ನು ಕಟಕಟೆಗೆ ಹತ್ತಿಸಿ ಸಾಕ್ಷಿ ಕೇಳಬೇಕು ಎನ್ನುವುದು ಪಾಠ. ಸಿಸ್ಟರ್ ಹಲಗೆಯ ಮೇಲೆ ಬರೆದರು: 'ನಾನು ಕೆಲಸಕ್ಕೆ ಬಾರದವನು.' ತಿರುಗಿ ಕೇಳಿದರು, "ಇದೇ ಮಾತನ್ನ ನಿಮಗೆ ಬೇಕಾದೋರು ಯಾರಾದ್ರೂ ನಿಮ್ಮ ಹತ್ರ ಬಂದು ಹೇಳಿದ್ರೆ, ನೀವು ಅವರಿಗೆ ಏನು ಹೇಳ್ತೀರಿ?"

ಕ್ಷೌರಿಕ ಹೇಳಿದ, "ತಲೆ ಸವರಿ, ಹಂಗೆಲ್ಲ ಅನ್ನಬೇಡ ಕಣೋ ಅಂತೀನಿ." ಮೇಷ್ಟ್ರು, "ಪಕ್ಕದಲ್ಲಿ ಕೂತ್ಕೋತೀನಿ" ಎಂದರು. ನನ್ನ ಸರದಿ ಬಂತು. ನನಗೆ ಅದು ಊಹೆಯ ಪ್ರಶ್ನೆಯಾಗಿರಲಿಲ್ಲ. ಒಬ್ಬರು ನಿಜವಾಗಿ ನನ್ನ ಹತ್ತಿರ ಬಂದು ಅದೇ ಮಾತು ಹೇಳಿದ್ದರು. ನಾನು ನಿಜವಾಗಿ ಉತ್ತರ ಕೊಟ್ಟಿದ್ದೆ.

ನನ್ನ ಅಕ್ಕ. ಹೇಳಿಯೇ ಬಿಡುತ್ತೇನೆ.

ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅಮ್ಮ ಹೋದಾಗ ನನಗೆ ಏಳು, ಅವಳಿಗೆ ಹದಿನೇಳು. ಅಂದಿನಿಂದ ನನ್ನನ್ನು ಸಾಕಿದವಳು ಅವಳು. ಪುಸ್ತಕಕ್ಕೆ ರಟ್ಟು ಕಟ್ಟುವ ಪ್ರೆಸ್ಸಿನಲ್ಲಿ ಕೆಲಸ ಮಾಡಿ ನನ್ನನ್ನು ಓದಿಸಿದಳು, ಲೈಸೆನ್ಸ್ ಕೊಡಿಸಿದಳು. ಅವಳ ಬೆರಳಿನಿಂದ ಅಂಟಿನ ವಾಸನೆ ಹೋಗುತ್ತಲೇ ಇರಲಿಲ್ಲ. ಐವತ್ತರ ಹತ್ತಿರ ಬಂದಾಗ ಅವಳು ಕೆಲಸಕ್ಕೆ ಹೋಗುವುದನ್ನು ಬಿಟ್ಟಳು. ಮಲಗಿದಳು. ತಲೆ ಬಾಚಲಿಲ್ಲ. ಒಂದು ದಿನ ನಮ್ಮ ಮನೆಗೆ ಬಂದು ಬಾಗಿಲ ಬಳಿ ನಿಂತು, "ನಾನು ಯಾತಕ್ಕೂ ಬೇಡವಾದೆ ಕಣೋ" ಎಂದಳು.

ಮನೆ ತುಂಬ ನೆಂಟರಿದ್ದರು. ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ, "ಅಕ್ಕನಿಗೆ ಕಾಯಿಲೆ ಅಲ್ಲ, ಕೊಬ್ಬು. ನಾಲ್ಕು ದಿನ ಊಟ ಹಾಕಬೇಡಿ, ತಾನಾಗೇ ಏಳ್ತಾಳೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಕ್ಕು, ಚಪ್ಪಲಿ ಮೆಟ್ಟಿಕೊಂಡು, ಹಿಟ್ಟಿನ ಗಿರಣಿಯ ಮೇಲಿನ ತನ್ನ ಕೋಣೆಗೆ ಹೋದಳು. ನಮ್ಮ ಮನೆಗೆ ಮತ್ತೆ ಬರಲಿಲ್ಲ. ಹತ್ತು ತಿಂಗಳಲ್ಲ ಸ್ವಾಮಿ, ಹತ್ತು ವರ್ಷ. ತಿಂಗಳಿಗೊಮ್ಮೆ ದಿನಸಿ ಬಾಗಿಲ ಮುಂದೆ ಇಟ್ಟು ಬರುತ್ತಿದ್ದೆ, ಕರ್ತವ್ಯ ಮುಗಿಯಿತು ಎಂದುಕೊಳ್ಳುತ್ತಿದ್ದೆ. ಗಡಿಯಾರ ಅಲ್ಲವೇ ನಾನು, ಅದೂ ಟೈಮಿಗೆ ಸರಿಯಾಗಿ!

ಆ ಬುಧವಾರ ನಾನು ಪಾಠದ ನಡುವೆ ಎದ್ದು ಹೊರಗೆ ಹೋದೆ. ಸೈಕಲ್ ಸ್ಟ್ಯಾಂಡಿನಲ್ಲಿ ಸೈಕಲ್ಲುಗಳ ನಡುವೆ ಕೂತು ಅತ್ತೆ. ಮೀಸೆ ಹೊತ್ತ ಗಂಡಸು ಬಿಕ್ಕಿ ಬಿಕ್ಕಿ ಅತ್ತೆ. ಸ್ಟ್ಯಾಂಡಿನ ಮುದುಕ ಬಂದು, "ಚೀಟಿ ಕಳೆದುಹೋಯ್ತೇನಪ್ಪಾ? ಅಳಬೇಡ, ನಿನ್ನ ಸೈಕಲ್ ಯಾವುದು ತೋರಿಸು, ಕೊಡ್ತೀನಿ" ಎಂದ. ಅಷ್ಟು ಕರುಣೆಯ ಮಾತು ನಾನು ನನ್ನ ಅಕ್ಕನಿಗೆ ಆಡಿರಲಿಲ್ಲ.

ನಾಲ್ಕು ತಿಂಗಳಿಗೆ ಕೆಲಸಕ್ಕೆ ಮರಳಿದೆ. ಮೊದಲ ವಾರದ ರಜೆಯ ದಿನವೇ ನೋಟ್‌ಬುಕ್ ಹಿಡಿದು ಅಕ್ಕನ ಬಾಗಿಲು ತಟ್ಟಿದೆ. ಕಲಿತದ್ದನ್ನೆಲ್ಲ ಅವಳಿಗೆ ಕಲಿಸಿಬಿಡುತ್ತೇನೆ ಎಂಬ ಹುಮ್ಮಸ್ಸು. ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ನಾನು ಅಂಕ, ಮನೆಗೆಲಸ ಎಂದು ಶುರು ಮಾಡಿದೆ.

"ನಿನ್ನ ಪಾಠ ನಿನ್ನ ಹತ್ರಾನೇ ಇಟ್ಕೋ" ಎಂದಳು. "ಹತ್ತು ವರ್ಷ ಎಲ್ಲಿದ್ದೆ?"

ಬಾಗಿಲು ಮುಚ್ಚಿತು. ನಾಲ್ಕು ವಾರ ಹೋದೆ, ನಾಲ್ಕು ವಾರವೂ ಮುಚ್ಚಿತು. ಸಿಸ್ಟರ ಬಳಿ ಬಂದು, "ಇದಕ್ಕೆ ಯಾವ ಪಾಠ ಇದೆ ಹೇಳಿ" ಎಂದೆ. ಅವರು ಕನ್ನಡಕ ಒರೆಸುತ್ತಾ, "ಕಲಿಸೋಕೆ ಹೋಗಿದ್ದೀರಿ. ಮೊದಲು ತಪ್ಪಾಯ್ತು ಅನ್ನಿ. ಅದಕ್ಕೆ ನೋಟ್‌ಬುಕ್ ಬೇಡ" ಎಂದರು.

ಐದನೇ ವಾರ ಕೈ ಬೀಸಿಕೊಂಡು ಹೋದೆ. ಗಿರಣಿಯ ಸದ್ದಿಗೆ ಮೆಟ್ಟಿಲು ನಡುಗುತ್ತಿತ್ತು. ಬಾಗಿಲ ಸಂದಿಯಲ್ಲಿ ಅವಳ ಒಂದು ಕಣ್ಣು ಕಾಣುತ್ತಿತ್ತು. "ಅಕ್ಕ, ಅವತ್ತು ಎಲ್ಲರ ಮುಂದೆ ನಾನು ಆ ಮಾತು ಅಂದೆ. ತಪ್ಪು ನಂದು. ನಿನಗಿದ್ದದ್ದು ಕಾಯಿಲೆ. ನನಗೂ ಬಂತು, ಆಮೇಲೆ ಗೊತ್ತಾಯ್ತು" ಎಂದೆ.

ಅವಳು ಬಾಗಿಲನ್ನು ಪೂರ್ತಿ ತೆರೆದಳು. ಆಮೇಲೆ, "ಆಯ್ತು. ಒಳಗೆ ನಲ್ಲಿ ಸೋರ್ತಾ ಇದೆ, ನೋಡು" ಎಂದಳು.

ಅಕ್ಕ ಕ್ಷಮಿಸುವುದು ಹೀಗೆ. ನಲ್ಲಿ ರಿಪೇರಿ ಮಾಡಿದೆ. ಮುಂದಿನ ವಾರ ಬಲ್ಬು. ಅದರ ಮುಂದಿನ ವಾರ ಅವಳು ತಲೆ ಬಾಚಿಕೊಂಡಿದ್ದಳು, ನಾನು ಗಮನಿಸದವನಂತೆ ಇದ್ದೆ. ಅವಳು ಹನ್ನೊಂದನೇ ನಂಬರ್ ಕೋಣೆಗೆ ಕಾಲಿಡಲು ಎಂಟು ತಿಂಗಳು ಬೇಕಾಯಿತು. ಅಷ್ಟರಲ್ಲಿ ಡಾಕ್ಟರ ಮಾತ್ರೆಯೂ ಶುರುವಾಗಿತ್ತು. ಕೋಣೆಗೆ ಬಂದವಳು ಎರಡು ಬುಧವಾರ ಬಾಯಿಯನ್ನೇ ಬಿಡಲಿಲ್ಲ. ಮೂರನೇ ಬುಧವಾರ ಸಿಸ್ಟರು ಹಂಚುತ್ತಿದ್ದ ಬಿಡಿ ಹಾಳೆಗಳನ್ನು ನೋಡಿ, "ಇವು ಹೀಗಿದ್ರೆ ಎರಡು ದಿನಕ್ಕೆ ಕಳೆದುಹೋಗ್ತವೆ. ಸೂಜಿ ದಾರ ಇದೆಯಾ?" ಎಂದಳು.

ಮುಖ್ಯ ಅತಿಥಿಗಳೇ, ನಿಮ್ಮ ಮುಂದಿನ ಮೇಜಿನ ಮೇಲೆ ನೀಲಿ ರಟ್ಟಿನ ಒಂದು ಪುಸ್ತಕ ಇದೆ. ದಯವಿಟ್ಟು ಕೈಗೆ ತೆಗೆದುಕೊಳ್ಳಿ. ಬೆನ್ನು ನೋಡಿ, ಹೊಲಿಗೆ ನೋಡಿ. ಹನ್ನೊಂದನೇ ನಂಬರ್ ಕೋಣೆಯ ಪಾಠಗಳೆಲ್ಲ ಅದರಲ್ಲಿವೆ. ಇಂಥ ಮುನ್ನೂರು ಪುಸ್ತಕ ನನ್ನ ಅಕ್ಕ ತನ್ನ ಕೈಯಾರೆ ಕಟ್ಟಿದ್ದಾಳೆ. ನಾಲ್ಕು ದಿನ ಊಟ ಹಾಕಬೇಡಿ, ಏಳುತ್ತಾಳೆ ಎಂದು ನಾನು ಹೇಳಿದ್ದೆನಲ್ಲ, ಆ ಅಕ್ಕ.

ಈಗ ಹೇಳಿ, ಚಿಕಿತ್ಸೆ ಎಂದರೆ ಯಾವುದು? ಮುರಿದ ಕಾಲಿಗೆ ಪಟ್ಟಿ ಹಾಕಿ, ಆಮೇಲೆ ಕೋಲು ಕೊಟ್ಟು ಹೆಜ್ಜೆ ಹಾಕಿಸುವವರಿಗೆ ಈ ಆಸ್ಪತ್ರೆಯಲ್ಲಿ ಒಂದು ವಿಭಾಗವೇ ಇದೆ. ಅದನ್ನು ಚಟುವಟಿಕೆ ಎಂದು ಯಾರೂ ಕರೆಯುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಏನು ತಿನ್ನಬೇಕು, ಹೇಗೆ ಚುಚ್ಚಿಕೊಳ್ಳಬೇಕು ಎಂದು ಕಲಿಸುತ್ತೀರಿ. ಅದಕ್ಕೆ ಕೋಣೆ ಇದೆ, ಅದರಲ್ಲಿ ಫ್ಯಾನು ಕೂಡ ಇದೆ. ಮನಸ್ಸು ಬಿದ್ದವನಿಗೆ ಏಳುವುದನ್ನು ಕಲಿಸಿದರೆ ಮಾತ್ರ ಅದು ಹರಟೆಯೇ? ಕಡತಗಳಿಗೆ ಜಾಗ ಬೇಕು ನಿಜ. ಆದರೆ ಕಡತಕ್ಕೆ ಎಲ್ಲಿಟ್ಟರೂ ಬೇಜಾರಾಗುವುದಿಲ್ಲ.

ಬಂದವರೆಲ್ಲ ಗೆದ್ದರು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಸಿಸ್ಟರೇ ಎದ್ದು ಬಂದು ಮೈಕು ಕಸಿದುಕೊಳ್ಳುತ್ತಾರೆ. ಲೆಕ್ಕದ ಮೇಷ್ಟ್ರು ಆರನೇ ವಾರ ಬಿಟ್ಟುಹೋದರು. ಸಿಸ್ಟರ್ ಎರಡು ಸಲ ಮನೆಗೆ ಹೋಗಿ ಬಂದರು, ನಾನೂ ಹೋಗಿದ್ದೆ. ಈಗ ಬೇರೆ ಊರಿನಲ್ಲಿದ್ದಾರೆ, ಹೇಗಿದ್ದಾರೋ ತಿಳಿಯದು. ನನಗೂ ಪೂರ್ತಿ ವಾಸಿಯಾಯಿತು ಎಂದು ಪ್ರಮಾಣಪತ್ರ ಯಾರೂ ಕೊಟ್ಟಿಲ್ಲ. ನಾಲ್ಕು ವರ್ಷದ ಹಿಂದೆ ಮತ್ತೆ ಬಂದಿತ್ತು. ಬಂದಾಗ ನನಗೆ ಅದರ ಗುರುತಿತ್ತು, ಬಾಗಿಲಲ್ಲೇ ಹಿಡಿದೆ. ಮೂರನೇ ದಿನಕ್ಕೆ ಡಾಕ್ಟರ ಮುಂದೆ ಕೂತಿದ್ದೆ, ಹನ್ನೆರಡನೇ ದಿನಕ್ಕೆ ಬಸ್ಸಿನಲ್ಲಿದ್ದೆ. ಮೊದಲ ಸಲ ನಾಲ್ಕು ತಿಂಗಳು, ಎರಡನೇ ಸಲ ಹನ್ನೆರಡು ದಿನ. ಪಾಠ ಎಂದರೆ ಇದು.

ಡಿಪೋದ ಗೆಳೆಯರೇ, ನಿಮಗೂ ಒಂದು ಮಾತು. ಕಳೆದ ಒಂಬತ್ತು ವರ್ಷದಲ್ಲಿ ನಿಮ್ಮಲ್ಲಿ ಹನ್ನೊಂದು ಜನ ಡೀಸೆಲ್ ಪಂಪಿನ ಹಿಂದೆ ನನ್ನನ್ನು ಕರೆದು, ಅತ್ತಿತ್ತ ನೋಡಿ, "ಅಣ್ಣ, ಆ ಕ್ಲಾಸು ಯಾವಾಗ?" ಎಂದು ಕೇಳಿದ್ದೀರಿ. ಹೆದರಬೇಡಿ, ಯಾರೆಂದು ಹೇಳುವುದಿಲ್ಲ. ಆದರೆ ಡೀಸೆಲ್ ಪಂಪಿನ ಹಿಂದೆ ಯಾಕೆ? ಹಲ್ಲುನೋವು ಬಂದರೆ ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಬಾಯಿ ತೆರೆದು ತೋರಿಸುತ್ತೀರಲ್ಲ?

ಮ್ಯಾನೇಜರ್ ಸಾಹೇಬರೇ, ಡಿಪೋದಲ್ಲಿ ಡ್ರೈವರುಗಳ ವಿಶ್ರಾಂತಿ ಕೋಣೆ ಬುಧವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಖಾಲಿ ಇರುತ್ತದೆ. ಆಸ್ಪತ್ರೆ ಕೋಣೆ ಕೊಡದಿದ್ದರೆ ನೀವು ಕೊಡಬೇಕು. ಸಿಸ್ಟರ ಕೈಯಲ್ಲಿ ನಾಲ್ಕು ವರ್ಷ ಪಳಗಿದ ಕಿರಿಯ ಸಿಸ್ಟರ್ ಪಾಠ ಮಾಡುತ್ತಾರೆ. ಕೋಣೆ ಹೋಗುತ್ತದೆ ಎಂಬ ಗಾಳಿಮಾತು ಕೇಳಿ ನಿನ್ನೆ ಅಧ್ಯಕ್ಷರ ಬಳಿ ಹೋಗಿದ್ದೆ, ಮಾತ್ರೆ ಬೇಕಾದವರನ್ನು ನೋಡುವ ಹೊಣೆ ತಮ್ಮದು ಎಂದು ಬರೆದುಕೊಟ್ಟಿದ್ದಾರೆ. ಕುರ್ಚಿ ಜೋಡಿಸುವುದು ನನ್ನ ಕೆಲಸ. ಕೊಡುತ್ತೀರಾ?

ತಲೆ ಆಡಿಸಿದರು! ಎಲ್ಲರೂ ನೋಡಿದಿರಲ್ಲ? ಇನ್ನು ಹಿಂದೆ ಸರಿಯುವ ಹಾಗಿಲ್ಲ ಸಾರ್, ನಾಲ್ಕು ನೂರು ಸಾಕ್ಷಿ ಇದೆ.

ಕೊನೆಯದಾಗಿ ಒಂದು ವಿಷಯ. ಇವತ್ತು ಈ ಸಭೆಗೆ ಅಕ್ಕ ಬರಬೇಕಿತ್ತು. ಸಿಸ್ಟರ ಪಕ್ಕದಲ್ಲಿ ಆ ಖಾಲಿ ಕುರ್ಚಿ ಅವಳಿಗೆಂದೇ ಇಟ್ಟದ್ದು. ಬೆಳಿಗ್ಗೆ ಫೋನ್ ಮಾಡಿದಳು.

"ಬರಲ್ಲ ಕಣೋ. ಇವತ್ತು ಸರಿಯಿಲ್ಲ ನನಗೆ."

ನನ್ನ ಒಂದು ಕಾಲು ಆಗಲೇ ಚಪ್ಪಲಿಯಲ್ಲಿತ್ತು. "ಬರ್ಲಾ ಅಕ್ಕ?" ಎಂದೆ.

"ಬೇಡ, ಕೇಳು. ಎದ್ದಿದ್ದೀನಿ. ಮುಖ ತೊಳೆದಿದ್ದೀನಿ. ಮಾತ್ರೆ ತಗೊಂಡಿದ್ದೀನಿ. ಗಿರಣಿಯವನ ಹೆಂಡ್ತಿಗೆ ಹೇಳಿದ್ದೀನಿ, ಹನ್ನೆರಡಕ್ಕೆ ಬಂದು ನನ್ನ ಜೊತೆ ಕೂತ್ಕೋ ಅಂತ. ನಿನಗೂ ಹೇಳ್ದೆ. ಇವತ್ತಿಗೆ ನನ್ನ ಕೈಲಿ ಆಗೋದು ಇಷ್ಟೇ. ಸಭೆಗೆ ಬರಲಿಲ್ಲ ಅಂದ್ರೆ ಸೋತಳು ಅಂತ ಸಿಸ್ಟರು ತಿಳ್ಕೊಳ್ಳೋದು ಬೇಡ, ಹೇಳು ಅವರಿಗೆ."

ಹೇಳಿದ್ದೇನೆ ಸಿಸ್ಟರ್. ಹತ್ತು ವರ್ಷ ಬಾಗಿಲು ಹಾಕಿಕೊಂಡು ಯಾರಿಗೂ ಹೇಳದೆ ಮಲಗಿದ್ದ ಹೆಂಗಸು, ಇವತ್ತು ಒಂದು ಕೆಟ್ಟ ಬೆಳಿಗ್ಗೆ, ಎಂಟು ಗಂಟೆಯೊಳಗೆ ಇಬ್ಬರಿಗೆ ಹೇಳಿದ್ದಾಳೆ. ಅಧಿಕಾರಿಗಳೇ, ನೀವು ವರದಿ ಬರೆಯುವಾಗ ಆ ಕುರ್ಚಿ ಖಾಲಿ ಇತ್ತು ಎಂದು ಬರೆಯಿರಿ. ಯಾಕೆ ಖಾಲಿ ಇತ್ತು ಎಂಬುದನ್ನೂ ಬರೆಯಿರಿ. ಅದರ ಮುಂದೆ 'ಚಿಕಿತ್ಸೆ' ಎಂದು ಬರೆಯಲು ಕೈ ಬರದಿದ್ದರೆ ನನಗೆ ಪೆನ್ನು ಕೊಡಿ, ನಾನು ಬರೆಯುತ್ತೇನೆ.

ಐದು ನಿಮಿಷ ಕೊಟ್ಟು ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೆ, ಸಿಟ್ಟು ಬಂದರೂ ಎದ್ದುಹೋಗದ ಮುಖ್ಯ ಅತಿಥಿಗಳಿಗೆ, ಮನೆಗೆ ಹೋದ ಮೇಲೆ ನನಗೆ ಕೊಡಲೆಂದು ಬೈಗುಳ ಕೂಡಿಟ್ಟುಕೊಳ್ಳುತ್ತಿರುವ ನನ್ನ ಹೆಂಡತಿಗೆ, ನಕ್ಕವರಿಗೆ, ನಗದೆ ತಲೆ ತಗ್ಗಿಸಿ ಕೂತವರಿಗೆ ನನ್ನ ಕೃತಜ್ಞತೆ. ಸಿಸ್ಟರ್, ನಿಮ್ಮ ಕಣ್ಸನ್ನೆ ಕಾಣಿಸಿತು, ಮುಗಿಸುತ್ತಿದ್ದೇನೆ. ಬುಧವಾರ ಮೂರು ಗಂಟೆಗೆ ಡಿಪೋಗೆ ಬನ್ನಿ. ಎಲ್ಲರಿಗೂ ನಮಸ್ಕಾರ.